ನನ್ನ ಬದಲಿಗೆ

ಮಾರ್ಚ್ 5, 2025, ಬುಧವಾರ

ಇವತ್ತಿನಿಂದ ಲೆಂಟ್, ಈಸ್ಟರ್‌ವರೆಗಿನ ಉಪವಾಸ ಕಾಲ, ಶುರು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, "ಹೇಮಾ ಸಿಸ್ಟರ್, ಶುಭ ಶುಕ್ರವಾರ ಆರನೇ ಮಾತು ಈ ಸಲ ನೀವೇ ಹೇಳ್ಬೇಕು" ಅಂದರು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಆರಾಧನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಸಭೆಯ ಏಳು ಜನ ಮಾತಾಡುವುದು ನಮ್ಮಲ್ಲಿ ಪದ್ಧತಿ. ಆರನೆಯದು ಒಂದೇ ಪದ: ತೀರಿತು.

"ಪ್ರಾಯಶ್ಚಿತ್ತ ಅಂದ್ರೇನು, ರಕ್ಷಣೆ ಅಂದ್ರೇನು, ಜನಕ್ಕೆ ಅರ್ಥ ಆಗೋ ಹಾಗೆ ಹೇಳಿ. ಹತ್ತೇ ನಿಮಿಷ. ಜೀವನದಿಂದ ಒಂದು ಉದಾಹರಣೆ ಇರ್ಲಿ" ಅಂದರು.

ಇಪ್ಪತ್ತಾರು ವರ್ಷ ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡಿ ಕಳೆದ ವರ್ಷ ತಾನೇ ನಿವೃತ್ತಳಾದವಳಿಗೆ ಹತ್ತು ನಿಮಿಷ ಯಾವ ಲೆಕ್ಕ! ಊಟಕ್ಕೆ ಮುಂಚೆಯೇ ಟಿಪ್ಪಣಿ ಮಾಡಿಬಿಟ್ಟೆ. ನಾವು ಪಾಪಿಗಳು. ನಮಗೆ ಬರಬೇಕಾದ ಶಿಕ್ಷೆಯನ್ನು ನಮ್ಮ ಬದಲಿಗೆ ಆತನು ಹೊತ್ತನು. ಅದಕ್ಕೇ ತೀರಿತು ಎಂದನು. ಪ್ರಾಯಶ್ಚಿತ್ತ ಎಂದರೆ ತಪ್ಪು ಮಾಡಿದವರು ತಾವೇ ಮಾಡಿಕೊಳ್ಳಬೇಕಾದದ್ದು ಎಂದು ಲೋಕದ ಮಾತು. ನಮ್ಮಲ್ಲಿ ಅದು ಆಗಿ ಮುಗಿದಿರುವುದು. ಇನ್ನು ನಾವು ಮಾಡಬೇಕಾದದ್ದು ಏನೂ ಉಳಿದಿಲ್ಲ, ನಂಬುವುದೊಂದನ್ನು ಬಿಟ್ಟು.

ಓದಿಕೊಂಡೆ. ಚೆನ್ನಾಗಿದೆ. ಉದಾಹರಣೆಯೊಂದು ಮಾತ್ರ ಹೊಳೆಯಲಿಲ್ಲ. ನಮ್ಮ ಯಜಮಾನರು ದೊರೆಸ್ವಾಮಿಯವರನ್ನು ಕೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, "ನಿನ್ನ ಆಸ್ಪತ್ರೆ ಕಥೆಗಳಿಗೇನು ಬರಾನಾ?" ಅಂದರು.

ಮಾರ್ಚ್ 9, ಭಾನುವಾರ

ಉದಾಹರಣೆ ಇನ್ನೂ ಸಿಕ್ಕಿಲ್ಲ. ಯಜಮಾನರ ಬಿ.ಪಿ. 150/90. ಉಪ್ಪಿನಕಾಯಿ ಬಾಟಲಿ ಎತ್ತಿಟ್ಟೆ. ಚಾಮರಾಜಪೇಟೆಯಲ್ಲಿ ಈಗಲೇ ಇಷ್ಟು ಸೆಕೆಯಾದರೆ ಏಪ್ರಿಲ್‌ನಲ್ಲಿ ಹೇಗೋ.

ಮಾರ್ಚ್ 13, ಗುರುವಾರ

ಮಲ್ಲೇಶ್ವರದಲ್ಲಿ ಶಿವರಂಜಿನಿಯ ಹೊಸ ಮನೆಯ ಗೃಹಪ್ರವೇಶ. ನನ್ನ ಶಿಷ್ಯೆಯರಲ್ಲಿ ಮುಂದೆ ಬಂದವಳು. ಈಗ ಅವಳೇ ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ನನ್ನನ್ನು ಕಂಡವಳೇ ಕಾಲಿಗೆ ಬಿದ್ದು, ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಪರಿಚಯ ಮಾಡಿಸಿದಳು.

"ಇವರೇ ನಮ್ಮ ಹೇಮಾ ಸಿಸ್ಟರ್. ನಾನು ಕ್ಲಾಸಲ್ಲಿ ಹೇಳ್ತೀನಲ್ಲ, ಆಯಾ ಮತ್ತೆ ಬಿಸಿನೀರು ಬ್ಯಾಗಿನ ಕಥೆ? ಅದು ಇವರದ್ದೇ. ಸಿಸ್ಟರ್, ಪ್ರತಿ ಬ್ಯಾಚಿಗೂ ಹೇಳ್ತೀನಿ. ಒಬ್ಬಳೂ ಮರೆಯಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೇ ಹೋಳಿಗೆಯನ್ನೂ ಹಾಕಿಸಿಕೊಂಡೆ. ಬಸ್ಸಿನಲ್ಲಿ ಮೆಜೆಸ್ಟಿಕ್ ದಾಟುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಬಿಸಿಲಿಗಿರಬೇಕು.

ಆ ಕಥೆ ಇಷ್ಟೇ. ಚಳಿಗಾಲ. ಒಂದು ಹೆರಿಗೆ ಆಸ್ಪತ್ರೆ. ತೂಕ ಕಡಿಮೆ ಇದ್ದ ಮಗುವಿನ ಕಾಲಿನ ಹತ್ತಿರ ಒಬ್ಬ ಆಯಾ ಬಿಸಿನೀರಿನ ಬ್ಯಾಗ್ ಇಟ್ಟಳು. ಬಟ್ಟೆ ಸುತ್ತಿ ಇಡು ಎಂದು ನರ್ಸ್ ಹೇಳಿದ್ದರೂ ಅವಳು ಕೇಳಲಿಲ್ಲ. ಮಗುವಿನ ಪಾದ ಸುಟ್ಟಿತು. ಇದನ್ನು ನಾನು ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳುತ್ತಿದ್ದೆ. ಪಾಠಕ್ಕೆ ಒಳ್ಳೆಯ ಕಥೆ. ಅದರಲ್ಲಿ ಒಂದೇ ಒಂದು ವಿಷಯ ಅದಲು ಬದಲು ಮಾಡಿ ಹೇಳುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 19, ಬುಧವಾರ

ಇಲ್ಲಿ ಬರೆದರೆ ಯಾರು ಓದುತ್ತಾರೆ? ಬರೆದೇಬಿಡುತ್ತೇನೆ.

1994ರ ಜನವರಿ. ಡಾಕ್ಟರ್ ಗಿರಿಜಾಂಬಾ ಅವರ ಹೆರಿಗೆ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ನನಗೆ ಇಪ್ಪತ್ತೊಂಬತ್ತು. ಆ ಆಯಾಗೆ ಮೂವತ್ತೈದು ಇರಬಹುದು, ಹೆಸರು ಲಕ್ಕಮ್ಮ. ತಿಗಳರಪೇಟೆಯವಳು. ಮಗುವಿಗೆ ನೀರೆರೆಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಅವಳು ಎಣ್ಣೆ ಹಚ್ಚಿದರೆ ಅಳುತ್ತಿದ್ದ ಮಗು ಆಕಳಿಸುತ್ತಿತ್ತು. ಬಾಣಂತಿಯರು ಮನೆಗೆ ಹೋದ ಮೇಲೂ ಅವಳನ್ನು ಕರೆಸಿಕೊಳ್ಳುತ್ತಿದ್ದರು.

ಅವತ್ತು ಬೆಳಗ್ಗೆ ತರಗುಪೇಟೆಯ ವ್ಯಾಪಾರಸ್ಥರೊಬ್ಬರ ಸೊಸೆಗೆ ಹೆರಿಗೆಯಾಯಿತು. ಮಗು ಸಣ್ಣದು, ಕೈಕಾಲು ತಣ್ಣಗೆ. ಬಿಸಿನೀರಿನ ಬ್ಯಾಗ್ ತರಲು ಅವಳಿಗೆ ಹೇಳಿದೆ. ತಂದಳು. "ಸಿಸ್ಟರ್, ಕುದಿಯೋ ನೀರು. ಸ್ವಲ್ಪ ಆರ್ಲಿ. ಬಟ್ಟೆ ಸುತ್ತಿ ಇಡಿ" ಅಂದಳು. ಅಷ್ಟರಲ್ಲಿ ತಾಯಿಗೆ ರಕ್ತಸ್ರಾವ ಜಾಸ್ತಿಯಾಯಿತೆಂದು ಡಾಕ್ಟರ್ ಕೂಗಿದರು. ಬ್ಯಾಗನ್ನು ಕಂಬಳಿಯೊಳಗೆ ತಳ್ಳಿ ಓಡಿದೆ. ಮುಕ್ಕಾಲು ಗಂಟೆ ಆ ಕಡೆ ಬರಲಾಗಲಿಲ್ಲ. ಕಂಬಳಿ ತೆಗೆದಾಗ ಮಗುವಿನ ಎಡಗಾಲಿನ ಎರಡು ಬೆರಳು, ಪಾದದ ಅಂಚು. ಮಗು ಬದುಕಿತು. ಬೆರಳು ಅಂಟಿಕೊಂಡವು.

ಮಗುವಿನ ತಾತ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. "ಯಾರು ಇಟ್ಟಿದ್ದು?" ಅಂದರು ಡಾಕ್ಟರ್. ನನ್ನ ಬಾಯಿಂದ ಬಂದಿತು: "ಬಟ್ಟೆ ಸುತ್ತಿ ಇಡು ಅಂತ ಹೇಳಿದ್ದೆ ಮೇಡಂ."

ಅವಳು ನನಗೆ ಹೇಳಿದ ಮಾತನ್ನು ನಾನು ಅವಳಿಗೆ ಹೇಳಿದ ಮಾತು ಮಾಡಿದೆ. ಅಷ್ಟೇ ಸಾಕಾಯಿತು. "ಅಮ್ಮಾ, ನಾನಲ್ಲ" ಎಂದಳು, ಒಂದೇ ಸಲ. ಆಯಾ ಮಾತು ಒಂದು ಕಡೆ, ಸಿಸ್ಟರ್ ಮಾತು ಒಂದು ಕಡೆ. ಮಧ್ಯಾಹ್ನದೊಳಗೆ ಅವಳನ್ನು ಕಳಿಸಿಬಿಟ್ಟರು.

ಹೀಗೆ ತಪ್ಪಾಯಿತು. ಮೇ ತಿಂಗಳಲ್ಲಿ ನನ್ನ ಮದುವೆ ಗೊತ್ತಾಗಿತ್ತು. ದೊಡ್ಡ ಆಸ್ಪತ್ರೆಯಿಂದ ಕೆಲಸದ ಆರ್ಡರ್ ಬರುವುದಿತ್ತು. ತಾಯಿಯ ಪ್ರಾಣ ಉಳಿಸಲು ಓಡಿದೆ ಎಂದು ನಿಜ ಹೇಳಿದ್ದರೂ ಬಹುಶಃ ಕ್ಷಮಿಸುತ್ತಿದ್ದರು. ಹೇಳಲಿಲ್ಲ.

ದೇವರ ಮುಂದೆ ಇದನ್ನು ಎಷ್ಟೋ ಸಲ ಅರಿಕೆ ಮಾಡಿದ್ದೇನೆ. ಆತನು ಕ್ಷಮಿಸಿದ್ದಾನೆ. ಆ ಅಧ್ಯಾಯ ಮುಗಿದಿದೆ.

ಮಾರ್ಚ್ 22, ಶನಿವಾರ

ಯಜಮಾನರಿಗೆ ಹೇಳಿದೆ. ಹುರುಳಿಕಾಯಿ ಸೋಸುತ್ತಾ ಕೂತಿದ್ದಾಗ ತಾನಾಗಿಯೇ ಬಂದುಬಿಟ್ಟಿತು. ಪೂರ್ತಿ ಕೇಳಿದರು.

"ಜನವರಿ ತೊಂಬತ್ನಾಲ್ಕು. ನಮ್ಮ ಮದುವೆ ಆಗಿದ್ದು ಮೇನಲ್ಲಿ" ಅಂದರು.

"ಹೌದು."

"ನನಗೆ ಹೇಳ್ಬೇಕು ಅನ್ಸಲಿಲ್ವಾ?"

"ಹೇಳಿದ್ರೆ ನೀವು ಮದುವೆ ಆಗ್ತಿದ್ರಾ?"

ಹಾಲು ತರಲು ಹೋದರು. ಹಾಲು ಫ್ರಿಜ್‌ನಲ್ಲಿ ಇತ್ತು. ಅರ್ಧ ಗಂಟೆಯಾದ ಮೇಲೆ ಇನ್ನೆರಡು ಪ್ಯಾಕೆಟ್ ಹಿಡಿದುಕೊಂಡು ಬಂದರು. "ನಾನು ಆಗ್ತಿದ್ದೆ. ಅಮ್ಮ ಒಪ್ತಿರ್ಲಿಲ್ಲ" ಅಂದರು. ಪ್ಯಾಕೆಟ್ ಫ್ರಿಜ್‌ಗೆ ಇಡುತ್ತಾ, "ಈಗ್ಯಾಕೆ ಇದೆಲ್ಲ ಹೇಮಾ? ಮೂವತ್ತೊಂದು ವರ್ಷ ಆಯ್ತು. ಸ್ವಾಮಿ ಹತ್ರ ಒಪ್ಕೊಂಡಿದೀಯಲ್ಲ."

"ಒಪ್ಕೊಂಡಿದೀನಿ. ಪ್ರತಿ ವರ್ಷ ಒಪ್ಕೊಳ್ತೀನಿ."

"ಒಂದ್ಸಲ ಸಾಕು ಅಂತ ನೀನೇ ಅಲ್ವಾ ಬೇರೆಯವರಿಗೆ ಹೇಳೋದು?"

ಜಗಳವಾಡುವುದಕ್ಕೆ ಹೇಳಿದ್ದಲ್ಲ ಅವರು. ನಿಜವಾಗಿ ಕೇಳಿದ್ದು.

ಮಾರ್ಚ್ 24, ಸೋಮವಾರ

ಪಾಸ್ಟರ್ ಅಯ್ಯನವರ ಹತ್ತಿರ ಹೋದೆ. ನನ್ನ ಮಗನಿಗಿಂತ ಚಿಕ್ಕವರು. ಆದರೂ ಹೇಳಿದೆ. ಆರನೆಯ ಮಾತನ್ನು ಬೇರೆ ಯಾರಿಗಾದರೂ ಕೊಡಿ ಅಂದೆ.

"ಮಾತು ಆಮೇಲೆ ನೋಡೋಣ. ಆಕೇನ ನೋಡಿದೀರಾ?" ಅಂದರು.

"ಪ್ರಾಯಶ್ಚಿತ್ತ ಸ್ವಾಮಿಯೇ ಮಾಡಿ ಮುಗಿಸಿದ ಮೇಲೆ ನಾನು ಹೋಗ್ಲೇಬೇಕಾ ಅಯ್ಯನವರೇ?" ಕೇಳಿದ್ದು ಕಲಿಯುವುದಕ್ಕಲ್ಲ. ಹೋಗಬೇಕಿಲ್ಲ ಅನ್ನಲಿ ಎಂಬ ಆಸೆಗೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ರಕ್ಷಣೆ ಸಿಗ್ಬೇಕು ಅಂತ ನೀವು ಹೋಗ್ಬೇಕಾಗಿಲ್ಲ ಅಮ್ಮಾ. ರಕ್ಷಣೆ ಸಿಕ್ಕಿದೆ ಅನ್ನೋದು ನಿಜ ಆದ್ರೆ ಹೋಗೋಕೆ ನಿಮಗೆ ಹೆದರಿಕೆ ಯಾಕೆ?"

ಕಾಣಿಕೆ ಹಿಡಿದು ದೇವರ ಮುಂದೆ ನಿಂತವನಿಗೆ, ನಿನ್ನ ಮೇಲೆ ಬೇಸರವಿರುವವನು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿ ಹೋಗು ಎಂದ ಸ್ವಾಮಿಯೇ ತಾನೇ ಆಮೇಲೆ ತೀರಿತು ಎಂದದ್ದೂ ಎಂದು ನೆನಪಿಸಿದರು. ಆ ಎರಡನ್ನೂ ನಾನು ಬಲ್ಲೆ. ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದೇನೆ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

ಮಾರ್ಚ್ 27, ಗುರುವಾರ

ಆ ಹೆರಿಗೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಶೀನಣ್ಣ ಈಗ ಬಸವನಗುಡಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೂರುತ್ತಾರೆ. ಕಿವಿ ಮಂದ. ಆಸ್ಪತ್ರೆ ಮುಚ್ಚಿ, ಡಾಕ್ಟರಮ್ಮ ಹೋಗಿ, ಹದಿನೈದು ವರ್ಷವಾಯಿತು ಎಂದರು.

"ಲಕ್ಕಮ್ಮನಾ? ಇಲ್ಲೇ ಗಾಂಧಿ ಬಜಾರಲ್ಲಿ ಸೊಪ್ಪು ಮಾರ್ತಾಳೆ. ಮನೆ ಹನುಮಂತನಗರ. ಯಾಕಮ್ಮಾ?"

"ಸುಮ್ನೆ" ಅಂದೆ.

ಅವರ ಅಂಗಡಿಯಿಂದ ಗಾಂಧಿ ಬಜಾರ್‌ಗೆ ನೂರು ಹೆಜ್ಜೆ. ಹೋಗಲಿಲ್ಲ. ಯುಗಾದಿ ಕಳೆಯಲಿ. ಅವರಿಗೆ ವ್ಯಾಪಾರದ ಸಮಯ.

ಏಪ್ರಿಲ್ 1, ಮಂಗಳವಾರ

ಸಿಕ್ಕಳು.

ನಾನು ಗುರುತು ಹಿಡಿಯಲಿಲ್ಲ, ಅವಳೇ ಹಿಡಿದಳು. ಗೋಣಿಚೀಲದ ಮೇಲೆ ಸಬ್ಬಸಿಗೆ, ದಂಟು, ಮೆಂತ್ಯ ಹರಡಿಕೊಂಡು ಮಣೆಯ ಮೇಲೆ ಕೂತಿದ್ದ ಮುದುಕಿ ತಲೆಯೆತ್ತಿ, "ಏನ್ ಸಿಸ್ಟರ್, ದಪ್ಪ ಆಗ್ಬಿಟ್ಟಿದೀರಾ" ಅಂದಳು.

"ನನ್ನ ಗುರುತು ಸಿಕ್ತಾ ನಿನಗೆ?"

"ನಿಮ್ಮನ್ನ ಮರೆಯೋದುಂಟಾ?"

ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು ಒಂದೂ ಬರಲಿಲ್ಲ. "ಲಕ್ಕಮ್ಮ, ಅವತ್ತು ಆ ಮಗು ವಿಷಯದಲ್ಲಿ ತಪ್ಪಾಗೋಯ್ತು" ಅಂದೆ.

"ಯಾರದು?"

ಪಕ್ಕದಲ್ಲಿ ಹೂವಿನವಳು ಕೇಳಿಸಿಕೊಳ್ಳುತ್ತಿದ್ದಳು. "ನನ್ನದು."

"ಗೊತ್ತು" ಎಂದು ಬಾಳೆನಾರಿನಿಂದ ಸೊಪ್ಪಿನ ಕಟ್ಟು ಬಿಗಿದಳು. "ಇದನ್ನ ಹೇಳೋಕೆ ಬಂದ್ರಾ? ನಿಮ್ಮ ಬಿಟ್ರೆ ಇದು ಗೊತ್ತಿರೋಳು ನಾನೊಬ್ಬಳೇ. ನನಗೇ ಬಂದು ಹೇಳಿದ್ರೆ ಏನು ಬಂತು?"

ನಾನು ಅಳುತ್ತೇನೆಂದುಕೊಂಡಿದ್ದೆ. ಅಳು ಬರಲಿಲ್ಲ. ಬಿಸಿಲಿಗೆ ನಿಂತೇ ಇದ್ದೆ. ಅವಳೇ ಒಂದು ಖಾಲಿ ಕ್ರೇಟು ಮಗುಚಿ, ಕೂರಿ ಅಂದಳು. ಗಿರಾಕಿಗಳ ಮಧ್ಯೆ ಮಧ್ಯೆ ಅವಳು ಹೇಳಿದ್ದು ಇಷ್ಟು. ನೀರೆರೆಯುವುದು ಅವಳ ಅಜ್ಜಿಯಿಂದ ಬಂದದ್ದು, ತಾಯಿಯಿಂದ ಬಂದದ್ದು. ಆಸ್ಪತ್ರೆಯಿಂದ ಕಳಿಸಿದ ಮೇಲೆ ಮಾತು ಪೇಟೆಯೆಲ್ಲ ಹಬ್ಬಿತು. ಮಗುವಿನ ಕಾಲು ಸುಟ್ಟವಳು. ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳನ್ನು ಕರೆಯಲಿಲ್ಲ.

"ಹೋಗ್ಲಿ ಬಿಡಿ, ಬೇರೆಯವರ ಮಕ್ಕಳು. ನಾಲ್ಕು ವರ್ಷದ ಹಿಂದೆ ನನ್ನ ಮೊಮ್ಮಗಳು ಸಾನ್ವಿ ಹುಟ್ಟಿದ್ಲು. ಸೊಸೆ ತಾಯಿ ಮಗೂನ ನನ್ನ ಕೈಗೆ ಕೊಡ್ಲಿಲ್ಲ. ನೀರೆರೆಯೋಕೆ ಬೇರೆ ಹೆಂಗಸನ್ನ ಗೊತ್ತು ಮಾಡಿದ್ರು. ನೀವು ನೀರು ಕಾಯ್ಸಿಕೊಡಿ ಸಾಕು ಅಂದ್ರು. ಕಾಯ್ಸಿಕೊಟ್ಟೆ. ಮೂರು ತಿಂಗಳು ಕಾಯ್ಸಿಕೊಟ್ಟೆ."

ಯಾರೋ ಬಂದು ದಂಟು ಕೇಳಿದರು. ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ನಿಜಕ್ಕೂ ತಿಳಿಯುವ ಆಸೆಯಿಂದಲೇ ಕೇಳಿದಳು: "ನಮ್ಮಲ್ಲಿ ತಪ್ಪು ಮಾಡಿದೋರು ದೇವರಿಗೆ ತಪ್ಪುಕಾಣಿಕೆ ಕಟ್ತಾರೆ. ನಿಮ್ಮಲ್ಲೇನು ಮಾಡ್ತಾರೆ ಸಿಸ್ಟರ್?"

"ನಮ್ಮ ಬದಲಿಗೆ ಯೇಸುಸ್ವಾಮಿ ಹೊತ್ತುಬಿಟ್ರು ಅಂತ ನಂಬ್ತೀವಿ."

"ಅವರನ್ನ ಕೇಳಿ ಹೊರಿಸಿದ್ರಾ?"

"ಇಲ್ಲ. ತಾವಾಗೇ ಹೊತ್ರು."

"ಪುಣ್ಯಾತ್ಮರು" ಅಂದಳು. ಅಣಕವಿರಲಿಲ್ಲ. "ಅವರು ದೇವರ ಮುಂದೆ ಹೊತ್ರು. ಬೀದೀಲಿ ಹೊತ್ತೋಳು ನಾನು. ನನ್ನನ್ನ ಯಾರೂ ಕೇಳ್ಲಿಲ್ಲ."

ಏನು ಮಾಡಲಿ ಲಕ್ಕಮ್ಮ, ಅಂದೆ.

"ಗೊತ್ತಿಲ್ದೋರಿಗೆ ಹೇಳಿ. ನನ್ನ ಮಗ ದೀಪಕ್‌ಗೆ, ಸೊಸೆ ಸಂಧ್ಯಾಗೆ, ಅವಳ ತಾಯಿಗೆ. ಸೊಸೆ ಈಗ ಮತ್ತೆ ಬಸುರಿ. ಕರಗ ಮುಗೀಲಿ, ಆಮೇಲೆ ಬನ್ನಿ. ಮಗ ಕರಗದ ಜೊತೆ ಕತ್ತಿ ಹಿಡಿದು ಹೋಗೋ ವೀರಕುಮಾರರಲ್ಲಿ ಒಬ್ಬ. ವ್ರತದಲ್ಲಿದಾನೆ, ಮನೇಲಿ ಈಗ ಗಲಾಟೆ ಬೇಡ."

ಹೊರಟಾಗ, ಸೊಪ್ಪು ತಗೊಳ್ದೆ ಹೋಗ್ಬೇಡಿ ಅಂದಳು. ಸಬ್ಬಸಿಗೆ ತಂದಿದ್ದೇನೆ. ಅಡುಗೆಮನೆ ತುಂಬ ಅದರದ್ದೇ ವಾಸನೆ.

ಏಪ್ರಿಲ್ 4, ಶುಕ್ರವಾರ

ಶಿವರಂಜಿನಿಗೆ ಫೋನ್ ಮಾಡಿದೆ. ಕಥೆಯಲ್ಲಿ ಬ್ಯಾಗ್ ಇಟ್ಟದ್ದು ಆಯಾ ಅಲ್ಲ, ನರ್ಸ್, ಆ ನರ್ಸ್ ನಾನು ಅಂದೆ. "ಸಿಸ್ಟರ್, ಇಷ್ಟು ವರ್ಷ ನಮಗೆ..." ಎಂದು ನಿಲ್ಲಿಸಿದಳು. "ಸರಿ. ಹುಡುಗೀರಿಗೆ ಸರಿಮಾಡಿ ಹೇಳ್ತೀನಿ." ಊಟ ಆಯ್ತಾ, ಬಿ.ಪಿ. ಹೇಗಿದೆ ಎಂದು ಯಾವಾಗಲೂ ಕೇಳುವವಳು ಇವತ್ತು ಕೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದು ಹೋದರು. ನಾನು ಬೆಂಚಿನಲ್ಲೇ ಕೂತೆ. ಯಜಮಾನರು ತಿರುಗಿ ನೋಡಿದರು. ಮೊಣಕಾಲು ನೋವು ಎಂದು ಸನ್ನೆ ಮಾಡಿದೆ.

ರಾಮನವಮಿ. ರಸ್ತೆಯಲ್ಲಿ ಯಾರೋ ಕೈಗೆ ಪಾನಕದ ಲೋಟ ಕೊಟ್ಟರು. ಕುಡಿದೆ. ಶುಭ ಶುಕ್ರವಾರ ಪೀಠದಿಂದಲೇ, ಹೆಸರು ಹೇಳದೆ, ಒಬ್ಬ ನರ್ಸಿನ ಕಥೆ ಎಂದು ಹೇಳಿದರೆ ಸಾಲದೆ? ಸಭೆಗೆ ಒಳ್ಳೆಯ ಉದಾಹರಣೆಯಾಗುತ್ತದೆ. ಹನುಮಂತನಗರಕ್ಕೆ ಹೋಗುವುದೂ ಬೇಕಾಗುವುದಿಲ್ಲ.

ಹೀಗೆ ಯೋಚಿಸಿದೆ ಎಂಬುದನ್ನೂ ಬರೆದಿಡಬೇಕು ಅನ್ನಿಸಿತು. ಬರೆದೆ.

ಏಪ್ರಿಲ್ 15, ಮಂಗಳವಾರ

ಹೋಗಿ ಬಂದೆ.

ಯಜಮಾನರು ಜೊತೆಗೆ ಬರುತ್ತೇನೆಂದರು. ಬೇಡ ಅಂದೆ. ಬೀದಿಯ ಕೊನೆಯವರೆಗೆ ಆಟೋದಲ್ಲಿ ಬಂದು, ಇಳಿಯದೆ ಒಳಗೇ ಕೂತಿದ್ದರು.

ಹನುಮಂತನಗರದ ಇಳಿಜಾರಿನಲ್ಲಿ ಎರಡು ಕೋಣೆಯ ಮನೆ. ಕರಗ ಮುಗಿದು ಮೂರು ದಿನವಾದರೂ ದೀಪಕ್ ಕೈಯಲ್ಲಿ ಕಂಕಣವಿತ್ತು. ಸಂಧ್ಯಾಗೆ ದಿನ ತುಂಬುತ್ತಾ ಬಂದಿದೆ, ಗೋಡೆಗೆ ಒರಗಿ ಕೂತಿದ್ದಳು. ಅವಳ ತಾಯಿ ಹೆರಿಗೆಗೆಂದು ಬಂದಿದ್ದರು. ಲಕ್ಕಮ್ಮನವರು ಎಲ್ಲರನ್ನೂ ಕರೆದು ಕೂರಿಸಿ, "ಇವರು ಆಸ್ಪತ್ರೆ ಸಿಸ್ಟರ್. ಏನೋ ಹೇಳ್ಬೇಕಂತೆ, ಕೇಳಿ" ಎಂದಷ್ಟೇ ಹೇಳಿ ಬಾಗಿಲ ಹತ್ತಿರ ನಿಂತರು.

ಹೇಳಿದೆ. ಕುದಿಯುವ ನೀರು ಎಂದು ಎಚ್ಚರಿಸಿದ್ದು ಅವರು. ಬಟ್ಟೆ ಸುತ್ತದೆ ಇಟ್ಟದ್ದು ನಾನು. ಸುಳ್ಳು ಹೇಳಿದ್ದು ನಾನು. ಆಮೇಲೆ ಇಪ್ಪತ್ತಾರು ವರ್ಷ ಅದನ್ನು ಪಾಠ ಮಾಡಿಕೊಂಡು ಹೇಳಿದ್ದೂ ನಾನು.

ಸಂಧ್ಯಾಳ ತಾಯಿ ಮೊದಲು ಮಾತಾಡಿದರು. "ಹಂಗಾದ್ರೆ ಬೀಗಿತ್ತಿ ಅಲ್ವಾ ಸುಟ್ಟಿದ್ದು?"

"ಅಲ್ಲ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದರು. ಸಂಧ್ಯಾ ಅತ್ತೆಯ ಮುಖ ನೋಡುತ್ತಿದ್ದಳು.

ದೀಪಕ್ ಎದ್ದು ನಿಂತ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಮ್ಮಪ್ಪ ಚಿಕ್ಕವೆಂಕಟಪ್ಪ ಅಂತ. ಕುಡಿದು ಬಂದಾಗೆಲ್ಲ ಅದೇ ಮಾತು ಹೇಳಿ ಅಮ್ಮನ್ನ ಹೊಡೀತಿದ್ದ. ಮಗೂನ ಸುಟ್ಟೋಳು, ನಿನ್ನ ಕೈಲಿ ಅನ್ನ ತಿಂತಿದೀನಲ್ಲ ಅಂತ. ನಾನು ಸಣ್ಣೋನು, ಮಂಚದ ಕೆಳಗೆ ಹೋಗಿ ಕೂರ್ತಿದ್ದೆ. ನಾನೂ ನಂಬಿದ್ದೆ ಸಿಸ್ಟರ್. ಅಪ್ಪ ಸತ್ತು ಹತ್ತು ವರ್ಷ ಆಯ್ತು. ಅವನಿಗೆ ಹೋಗಿ ಹೇಳ್ತೀರಾ?"

ನಾನು ಅವನ ಕೈಯ ಕಂಕಣ ನೋಡುತ್ತಾ ಕೂತೆ.

"ಹೊರಡಿ" ಅಂದ. "ದಯವಿಟ್ಟು ಹೊರಡಿ."

ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ. ಕೊಂಡಿ ಸಿಗಲಿಲ್ಲ. ಲಕ್ಕಮ್ಮನವರು ನನ್ನನ್ನು ತಡೆಯಲಿಲ್ಲ, ಕಳಿಸಲೂ ಬರಲಿಲ್ಲ. ಅವರು ಮಗನ ಕಡೆ ತಿರುಗಿದ್ದರು. ಹಿಂದಿನಿಂದ ದೀಪಕ್‌ನ ದನಿ ಕೇಳಿಸಿತು, "ನೀನ್ಯಾಕಮ್ಮ ನನಗೆ ಹೇಳ್ಲಿಲ್ಲ?" ಅದಕ್ಕೆ ಅವರು, "ಹೇಳಿದ್ದೆ ಕಣೋ. ಒಂದ್ಸಲ ಹೇಳಿದ್ದೆ."

ಆಟೋದಲ್ಲಿ ಯಜಮಾನರು ಕೈಯನ್ನು ನನ್ನ ಕೈಮೇಲೆ ಇಟ್ಟರು. ಮನೆ ಬರುವ ತನಕ ತೆಗೆಯಲಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ

ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋದೆ. ಐದನೇ ಮಾತು ಮುಗಿದು ಹಾಡು ಮುಗಿದ ಮೇಲೆ ಅಯ್ಯನವರು ನನ್ನ ಕಡೆ ನೋಡಿದರು.

ಬರೆದುಕೊಂಡಿದ್ದ ಹಾಳೆಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವನ್ನು ಓದಲಾಗಲಿಲ್ಲ. ನಾನು ಮಾಡಿದ್ದನ್ನು ಹೇಳಿದೆ. ಲಕ್ಕಮ್ಮನವರ ಹೆಸರು ಹೇಳಿದೆ. ಆಮೇಲೆ ಹೇಳಿದ್ದು ನೆನಪಿರುವಷ್ಟು ಇದು: ಸ್ವಾಮಿ ನಮ್ಮ ಬದಲಿಗೆ ತಾನಾಗಿ ಹೊತ್ತನು. ಲಕ್ಕಮ್ಮನವರ ಮೇಲೆ ನಾನು ಹೊರಿಸಿದೆ. ಅದು ರಕ್ಷಣೆ, ಇದು ಪಾಪ. ಅದನ್ನು ಬಾಯಿತುಂಬ ಹೇಳುತ್ತಾ ಇದನ್ನು ಅದರ ಕೆಳಗೆ ಮುಚ್ಚಿಟ್ಟಿದ್ದೆ. ತೀರಿತು ಎನ್ನುವ ಅಧಿಕಾರ ಹೊತ್ತವನದು. ಹೊರಿಸಿದವಳದ್ದಲ್ಲ.

ಕೂತುಕೊಂಡೆ. ನಾಲ್ಕು ನಿಮಿಷವೂ ಆಗಿರಲಿಲ್ಲ. ಆರ್ಗನ್ ನುಡಿಸುವವರು ಹಾಡು ಎತ್ತಿಕೊಳ್ಳುವುದನ್ನೇ ಮರೆತರು.

ಮೂರು ಗಂಟೆಗೆ ಹೊರಗೆ ಬಂದಾಗ ಸ್ತ್ರೀಯರ ಕೂಟದ ಒಬ್ಬರು, "ಇವತ್ತಿನಂಥ ದಿನ ಇದನ್ನೆಲ್ಲ ಹೇಳ್ಬಾರದಿತ್ತು ಸಿಸ್ಟರ್" ಅಂದರು. ಇನ್ನಿಬ್ಬರು ನನ್ನನ್ನು ನೋಡದ ಹಾಗೆ ಮುಂದೆ ಹೋದರು. ಪರಿಚಯವೇ ಇಲ್ಲದ ಒಬ್ಬ ಮುದುಕರು ಬಂದು ನನ್ನ ಎದುರು ನಿಂತು, ಕೈಮುಗಿದು ಹೋದರು.

ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ. ಆಗಲಿಲ್ಲ.

ಏಪ್ರಿಲ್ 20, ಈಸ್ಟರ್

ಬೆಳಗಿನ ಆರಾಧನೆ. ಪ್ರಭುಭೋಜನಕ್ಕೆ ಎದ್ದು ಹೋದೆ. ಯೋಗ್ಯಳಾದೆ ಎಂದಲ್ಲ. ಯೋಗ್ಯರಿಗೆಂದು ಅದನ್ನು ಇಟ್ಟಿಲ್ಲ ಎಂದು.

ಕೈ ಚಾಚಿದೆ. ರೊಟ್ಟಿ ಕೈಗೆ ಬಂದಾಗ ಅಳು ಬಂದುಬಿಟ್ಟಿತು.

ಮೇ 12, ಸೋಮವಾರ

ನಿನ್ನೆ ಸಂಜೆ ದೀಪಕ್ ಫೋನ್ ಮಾಡಿದ್ದ. "ಅಮ್ಮ ಬರೋಕೆ ಹೇಳಿದಾರೆ" ಎಂದಷ್ಟೇ ಹೇಳಿ ಇಟ್ಟ. ನಂಬರ್ ಶೀನಣ್ಣನವರಿಂದ ಸಿಕ್ಕಿರಬೇಕು.

ಬೆಳಗ್ಗೆ ಹತ್ತಕ್ಕೆ ಹೋದೆ. ಸಂಧ್ಯಾಗೆ ಗಂಡುಮಗು, ಹದಿಮೂರು ದಿನ. ಮೂರು ಕಿಲೋ ಇನ್ನೂರು. ದೀಪಕ್ ಕೆಲಸಕ್ಕೆ ಹೋಗಿದ್ದ. ಬೇಕೆಂದೇ ಆ ಹೊತ್ತಿಗೆ ಕರೆಸಿದ್ದರೋ ಏನೋ.

ಬಚ್ಚಲಿನಲ್ಲಿ ಹಂಡೆಯ ನೀರು ಕಾದಿತ್ತು. ಮಣೆ, ಎಣ್ಣೆ, ಕಡಲೆಹಿಟ್ಟು ಎಲ್ಲ ಸಿದ್ಧ. ಮಣೆಯ ಮೇಲೆ ಕಾಲು ನೀಡಿ ಕೂತಿದ್ದುದು ಸಂಧ್ಯಾಳ ತಾಯಿ. ಲಕ್ಕಮ್ಮನವರು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹೇಳಿಕೊಡುತ್ತಿದ್ದರು.

"ತಲೆ ಕೆಳಗೆ ಕೈ ಕೊಡಿ. ಹಂಗಲ್ಲ, ಅಂಗೈ ಪೂರ್ತಿ. ನೀರು ಮೊದ್ಲು ಕಾಲಿಗೆ, ಆಮೇಲೆ ಹೊಟ್ಟೆಗೆ. ನಿಧಾನ. ಅಳಲ್ಲ, ಮಗು ಅಳಲ್ಲ, ನೀವು ಹೆದರ್ಬೇಡಿ."

ಮಗು ಅಳಲಿಲ್ಲ. ಆಕಳಿಸಿತು. ಸಾನ್ವಿ ಬಾಗಿಲಲ್ಲಿ ನಿಂತು ಪಾಪೂನ ಹಾಗೆ ತಾನೂ ಆಕಳಿಸಿದಳು.

ಸ್ನಾನ ಮುಗಿದು ಮಗುವನ್ನು ಒಳಗೆ ಒಯ್ದ ಮೇಲೆ ಲಕ್ಕಮ್ಮನವರು ನನಗೆ ಹೇಳಿದರು. ಆಸ್ಪತ್ರೆಯಿಂದ ಬಂದ ದಿನ ಸಂಧ್ಯಾಳ ತಾಯಿಯೇ ಮಗುವನ್ನು ತಂದು ಅವರ ಕೈಗೆ ಕೊಟ್ಟು, ನೀವೇ ಎರೆಯಿರಿ ಬೀಗಿತ್ತಿ, ನನ್ನದು ತಪ್ಪಾಯಿತು ಎಂದರಂತೆ. ಇವರು ಮಣೆ ಹಾಕಿಸಿಕೊಂಡು ಕೂರಲು ಹೋದರು. ಮಂಡಿ ಮಡಚಿದ್ದು ನೀಡಲು ಬರಲಿಲ್ಲ. ಗಾಂಧಿ ಬಜಾರಿನ ನೆಲದ ಮೇಲೆ ಮೂವತ್ತು ವರ್ಷ ಕೂತ ಕಾಲು. ಹೇಗೋ ನೀಡಿದರೆ ನಡುಗುತ್ತಿತ್ತು. ಮಗು ಜಾರೀತೆಂದು ಭಯವಾಗಿ ತಾವೇ ವಾಪಸ್ ಕೊಟ್ಟುಬಿಟ್ಟರು.

"ನೀವು ಹೇಳಿದ್ರಿ. ಅವರು ನಂಬಿದ್ರು. ಮಗೂನೂ ಕೊಟ್ರು" ಅಂದರು, ಮೊಣಕಾಲು ಸವರಿಕೊಳ್ಳುತ್ತಾ. "ಕಾಲು ಮಾತ್ರ ಅಲ್ಲಿವರ್ಗೂ ಕಾಯ್ಲಿಲ್ಲ ಸಿಸ್ಟರ್."

ನಾನು ಅವರ ಮಂಡಿ ಮುಟ್ಟಿ ನೋಡಿದೆ. ಎರಡೂ ಊದಿಕೊಂಡಿವೆ. ಒಳ್ಳೆಯ ಮೂಳೆ ಡಾಕ್ಟರ್ ಒಬ್ಬರು ಗೊತ್ತು, ಕರೆದುಕೊಂಡು ಹೋಗಲಾ ಎಂದು ಕೇಳಿದೆ. ನೋಡೋಣ ಅಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕ್ಷಮಿಸಿ ಎಂದು ಕೇಳಲೇಬೇಕೆಂದು ಮನೆಯಿಂದ ಹೊರಟಿದ್ದೆ. ಆ ಮಂಡಿ ಮುಟ್ಟಿದ ಮೇಲೆ ಕೇಳುವ ಮನಸ್ಸಾಗಲಿಲ್ಲ. ಕೇಳಿದ್ದರೆ, ಕೊಡುವುದೋ ಬಿಡುವುದೋ ಎಂಬ ಇನ್ನೊಂದು ಭಾರವನ್ನೂ ಅವರೇ ಹೊರಬೇಕಾಗುತ್ತಿತ್ತು.

ಹೊರಡುವಾಗ ಗೋಡೆ ಹಿಡಿದುಕೊಂಡು ಗೇಟಿನ ತನಕ ಬಂದರು. ನಾನು ಬಸ್ ಸ್ಟಾಪಿನ ಕಡೆ ತಿರುಗಿದೆ.

"ಬಿಸಿಲು ಜಾಸ್ತಿ ಇದೆ. ಆಟೋ ಹತ್ತಿ" ಅಂದರು.

ಆಟೋ ಹತ್ತಿದೆ.